ಸದ್ದು ಬರುವ ಮೊದಲೇ ಮುಗಿಯುವ ಸಭೆ

ಗೋಕುಲ ರಸ್ತೆಯ ವಿಮಾನ ನಿಲ್ದಾಣದ ಮಾತು ಹುಬ್ಬಳ್ಳಿಯಲ್ಲಿ ಯಾವಾಗ ಬಂದರೂ ಒಂದೇ ಬೇಡಿಕೆಗೆ ಬಂದು ನಿಲ್ಲುತ್ತದೆ: ಇನ್ನಷ್ಟು ವಿಮಾನ ಬೇಕು. ಬೇಡಿಕೆ ನ್ಯಾಯವಾದದ್ದೇ. ವಾಯುದೂತದ ಕಾಲದಿಂದ ಏರ್ ಡೆಕ್ಕನ್, ಕಿಂಗ್‌ಫಿಷರ್‌ವರೆಗೆ ಒಂದೊಂದೇ ಕಂಪನಿ ಬಂದು, ಕೆಲಕಾಲ ಹಾರಾಟ ನಡೆಸಿ, ನಿಲ್ಲಿಸಿ ಹೋದದ್ದನ್ನು ಈ ಊರು ಕಂಡಿದೆ. 1,674 ಮೀಟರ್ ಇದ್ದ ರನ್‌ವೇ 2,600 ಮೀಟರಿಗೆ ಬೆಳೆದು, 2017ರ ಡಿಸೆಂಬರ್‌ನಲ್ಲಿ ಹೊಸ ಟರ್ಮಿನಲ್ ತೆರೆದು, 2018ರಲ್ಲಿ ಉಡಾನ್ ಯೋಜನೆಯ ವಿಮಾನಗಳು ಇಳಿಯತೊಡಗಿದಾಗ ವ್ಯಾಪಾರಿಗಳು, ರೋಗಿಗಳು, ಬೆಂಗಳೂರು–ಮುಂಬೈಗಳಲ್ಲಿ ಮಕ್ಕಳಿರುವ ಮನೆಯವರು ಎಲ್ಲರೂ ಹಿಗ್ಗಿದರು. 2024ರ ಮಾರ್ಚ್ 10ರಂದು ಇನ್ನೂ ದೊಡ್ಡ ಟರ್ಮಿನಲ್ಲಿಗೆ ಶಂಕುಸ್ಥಾಪನೆಯೂ ಆಯಿತು.

ಊರು ಬೆಳೆಯಲಿ, ವಿಮಾನವೂ ಹೆಚ್ಚಲಿ. ಆದರೆ ಹಾರುದಾರಿಯ ಕೆಳಗೆ ಮನೆ ಮಾಡಿಕೊಂಡವರು ತಮಗಾಗುವ ತೊಂದರೆಯನ್ನು ಎಲ್ಲಿ ಹೇಳಿಕೊಳ್ಳಬೇಕು? ಕಾನೂನು ಇದಕ್ಕೆ ತೋರಿಸುವ ಮುಖ್ಯ ಜಾಗ ಸಾರ್ವಜನಿಕ ಅಹವಾಲು ಸಭೆ. ಆ ಪದ್ಧತಿಯನ್ನು, ಅದರಲ್ಲಿ ನಾವು ನಾಗರಿಕರು ಆಡುವ ಮಾತನ್ನು, ಎರಡನ್ನೂ ಒರೆಗೆ ಹಚ್ಚಿ ನೋಡುವ ಕಾಲ ಬಂದಿದೆ. ನನ್ನ ಅಭಿಪ್ರಾಯ ಇಷ್ಟು: ಇದು ಸದುದ್ದೇಶದಿಂದ ಕಟ್ಟಿದ, ಉಳಿಸಿಕೊಳ್ಳಲೇಬೇಕಾದ ಪದ್ಧತಿ. ಆದರೆ ವಿಮಾನದ ಶಬ್ದದ ಮಟ್ಟಿಗೆ ಅದು ತಪ್ಪು ಹೊತ್ತಿನಲ್ಲಿ ಕಿವಿಗೊಡುತ್ತದೆ.

ಮೊದಲು ಅದರ ಗುಣವನ್ನು ಹೇಳಬೇಕು. 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆ ವಾಣಿಜ್ಯ ಬಳಕೆಯ ವಿಮಾನ ನಿಲ್ದಾಣಗಳನ್ನು ತನ್ನ ಪಟ್ಟಿಯಲ್ಲಿ ಸೇರಿಸಿದೆ. ಅದರ ಪ್ರಕಾರ ಅಹವಾಲು ಸಭೆ ಯೋಜನೆಯ ಜಾಗದಲ್ಲಿ ಅಥವಾ ಅದರ ಹತ್ತಿರದಲ್ಲೇ ನಡೆಯಬೇಕು. ಕನಿಷ್ಠ 30 ದಿನ ಮೊದಲೇ ಪತ್ರಿಕೆಗಳಲ್ಲಿ ಪ್ರಕಟಣೆ ಬರಬೇಕು. ಸಭೆ ನಡೆಸುವುದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಹೊಣೆ. ಅಧ್ಯಕ್ಷತೆ ಜಿಲ್ಲಾಧಿಕಾರಿಯದು, ಇಲ್ಲವೇ ಅಪರ ಜಿಲ್ಲಾಧಿಕಾರಿಗಿಂತ ಕೆಳಗಿನವರಲ್ಲದ ಅವರ ಪ್ರತಿನಿಧಿಯದು. ಸಭೆಗೆ ಕೋರಂ ಇಲ್ಲ. ಬಂದವರು ಹತ್ತೇ ಜನರಾದರೂ ಅವರ ಮಾತು ದಾಖಲಾಗಲೇಬೇಕು. ಎಲ್ಲವನ್ನೂ ವಿಡಿಯೊ ಮಾಡಬೇಕು. ಕೊನೆಯಲ್ಲಿ ನಡಾವಳಿಯ ಸಾರಾಂಶವನ್ನು ಜನರ ಭಾಷೆಯಲ್ಲಿ ವಿವರಿಸಿ ಓದಿ ಹೇಳಿ, ಅಂದೇ ಸಹಿ ಮಾಡಬೇಕು. ಸಭೆಗೆ ಬರಲಾಗದವರು ಬರಹದಲ್ಲಿ ಆಕ್ಷೇಪಣೆ ಕಳಿಸಬಹುದು.

ಇದು ಸಣ್ಣ ಮಾತಲ್ಲ. ಜಮೀನಿನ ಉತಾರ ಇಲ್ಲದವರೂ, ಬಾಡಿಗೆ ಮನೆಯವರೂ, ಕೂಲಿ ಮಾಡುವವರೂ ಜಿಲ್ಲಾಧಿಕಾರಿಯ ಎದುರು ನಿಂತು ಮೈಕ್ ಹಿಡಿಯಬಹುದಾದ ಜಾಗಗಳು ನಮ್ಮ ಆಡಳಿತದಲ್ಲಿ ಹೆಚ್ಚಿಲ್ಲ. ಸಾರಾಂಶವನ್ನು ಅಂದೇ ಓದಿ ಹೇಳಬೇಕೆಂಬ ನಿಯಮವಂತೂ ನಾಗರಿಕರ ಕೈಗೆ ಸಿಕ್ಕ ದೊಡ್ಡ ಬಲ. ‘ನಾನು ಹೇಳಿದ್ದು ಇದರಲ್ಲಿಲ್ಲ, ಸೇರಿಸಿ’ ಎಂದು ಅಲ್ಲೇ ಕೇಳುವ ಅವಕಾಶ ಅದು. ಊಟದ ಹೊತ್ತಾಯಿತೆಂದು ಅರ್ಧ ಜನ ಎದ್ದು ಹೋಗುವ ನಮ್ಮ ಸಭೆಗಳಲ್ಲಿ ಈ ಅವಕಾಶ ಬಹಳ ಸಲ ಸುಮ್ಮನೆ ಕೈತಪ್ಪುತ್ತದೆ.

ಇನ್ನು ದೋಷ. ಮೊದಲನೆಯದು ಭಾಷೆ. ನೂರಾರು ಪುಟದ ಪೂರ್ತಿ ವರದಿ ಇಂಗ್ಲಿಷಿನಲ್ಲಿ ಇರುತ್ತದೆ. ಕನ್ನಡದಲ್ಲಿ ಸಿಗುವುದು ಸಾರಾಂಶ ಮಾತ್ರ. ಶಬ್ದದ ನಕ್ಷೆ, ಎಷ್ಟು ವಿಮಾನ ಬರುತ್ತವೆ ಎಂಬ ಲೆಕ್ಕ, ಅಳತೆಯ ಯಂತ್ರ ಇಟ್ಟ ಜಾಗ ಇವೆಲ್ಲ ಇರುವುದು ಪೂರ್ತಿ ವರದಿಯ ಒಳಗೆ. ಸಾರಾಂಶಕ್ಕೆ ಬರುವ ಹೊತ್ತಿಗೆ ಅದು ‘ಶಬ್ದದ ಪ್ರಮಾಣ ಮಿತಿಯೊಳಗೇ ಇರಲಿದೆ’ ಎಂಬ ಒಂದು ವಾಕ್ಯವಾಗಿ ಕರಗಿಬಿಡಬಹುದು. ಆ ವಾಕ್ಯಕ್ಕೆ ಯಾರು ಏನೆಂದು ಆಕ್ಷೇಪಿಸಬೇಕು? ಭಾಷೆಯ ಈ ಪ್ರಶ್ನೆಯನ್ನು ನಮ್ಮ ಹೈಕೋರ್ಟ್ ಗಂಭೀರವಾಗಿಯೇ ತೆಗೆದುಕೊಂಡಿದೆ. 2020ರಲ್ಲಿ ಕೇಂದ್ರ ಸರ್ಕಾರ ಇದೇ ಅಧಿಸೂಚನೆಗೆ ಬದಲಾಗಿ ಹೊಸ ಕರಡು ತಂದು, ಅಹವಾಲಿನ 30 ದಿನದ ಗಡುವನ್ನು 20ಕ್ಕೆ ಇಳಿಸಲು ಹೊರಟಿತು. ಕರಡು ಸಿಕ್ಕಿದ್ದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಕನ್ನಡದಲ್ಲಿ ಪ್ರಚಾರವಾಗದ ಕರಡಿಗೆ ಕನ್ನಡಿಗರು ಹೇಗೆ ಉತ್ತರಿಸಬೇಕೆಂಬ ಪ್ರಶ್ನೆ ಕೋರ್ಟಿಗೆ ಹೋಯಿತು. ಆ ವರ್ಷದ ಆಗಸ್ಟ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅಂತಿಮ ಅಧಿಸೂಚನೆಯ ಪ್ರಕಟಣೆಗೆ ತಾತ್ಕಾಲಿಕ ತಡೆ ಕೊಟ್ಟಿತು. ದೇಶದ ಕಾನೂನಿನ ಕರಡಿಗೆ ಸಲ್ಲುವ ತರ್ಕ ನಮ್ಮ ನಿಲ್ದಾಣದ ಸುತ್ತಲಿನ ಗೋಕುಲ, ತಾರಿಹಾಳದ ಜನರ ಕೈಗೆ ಬರಬೇಕಾದ ಶಬ್ದದ ಅಧ್ಯಾಯಕ್ಕೂ ಸಲ್ಲಬೇಕು.

ಎರಡನೆಯ ದೋಷ ಅಳತೆಯದು. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ವಾದ ಸೋಲುವುದು ಹೆಚ್ಚಾಗಿ ಇಲ್ಲಿಯೇ. ನಮ್ಮ ಶಬ್ದ ಮಿತಿಗಳು ಸರಾಸರಿಯ ಮಿತಿಗಳು. ಶಾಲೆಯೊಂದರ ಮೇಲೆ ಗಂಟೆಗೊಂದು ವಿಮಾನ ಹೋಗುತ್ತದೆ, ಪ್ರತಿ ಸಲ 30 ಸೆಕೆಂಡು 80 ಡೆಸಿಬಲ್ ಸದ್ದು ಬರುತ್ತದೆ, ಉಳಿದ ಹೊತ್ತು ಪೂರ್ತಿ ನಿಶ್ಶಬ್ದ ಎಂದಿಟ್ಟುಕೊಳ್ಳಿ. ಎದುರುಬದುರು ಕೂತು ಆಡುವ ಸಾಮಾನ್ಯ ಮಾತು 60 ಡೆಸಿಬಲ್ ಆಸುಪಾಸಿನದು. 80 ಬಂದಾಗ ಟೀಚರು ಪಾಠ ನಿಲ್ಲಿಸಲೇಬೇಕು. ಆದರೆ ಆ ಗಂಟೆಯ ಸರಾಸರಿ ಲೆಕ್ಕ ಹಾಕಿದರೆ ಬರುವುದು ಸುಮಾರು 59 ಡೆಸಿಬಲ್. ಗಂಟೆಗೆ ಎರಡು ವಿಮಾನ ಬಂದರೆ 62. ನಾಲ್ಕು ಬಂದಾಗ ಸರಾಸರಿ 65ನ್ನು ಮುಟ್ಟುತ್ತದೆ. ಅಂದರೆ ಕಾಲು ಗಂಟೆಗೊಮ್ಮೆ ಪಾಠ ನಿಂತರೂ ವರದಿಯ ಅಂಕಿ ಸೌಮ್ಯವಾಗಿಯೇ ಕಾಣುತ್ತದೆ. ವರದಿ ಬರೆದವರು ಸುಳ್ಳು ಹೇಳಿರುವುದಿಲ್ಲ. ಆದರೆ ಮಕ್ಕಳ ಕಿವಿಗೆ ಬಿದ್ದದ್ದು ಅಲ್ಲಿ ಬರೆದಿರುವುದಿಲ್ಲ.

ಮಿತಿಯ ಗೆರೆಯೂ ಒಂದೇ ಕಡೆ ನಿಂತಿಲ್ಲ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್. 2018ರ ಜೂನ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ವಿಮಾನ ನಿಲ್ದಾಣದ ಶಬ್ದ ವಲಯಕ್ಕೆಂದು ಬೇರೆಯೇ ಮಾನದಂಡ ತಂದಿತು: ವರ್ಷಕ್ಕೆ 50,000ಕ್ಕಿಂತ ಹೆಚ್ಚು ಬಾರಿ ವಿಮಾನಗಳು ಏರಿಳಿಯುವ ನಿಲ್ದಾಣಗಳಿಗೆ ಹಗಲು 70, ರಾತ್ರಿ 65, ಉಳಿದವಕ್ಕೆ 65 ಮತ್ತು 60. ಮನೆ ಇದ್ದಲ್ಲೇ ಇರುತ್ತದೆ, ನಕ್ಷೆಯ ಮೇಲೆ ಒಂದು ಗೆರೆ ಎಳೆದ ಮೇಲೆ ಅದೇ ಮನೆಯ ರಾತ್ರಿಯ ಮಿತಿ 15 ಡೆಸಿಬಲ್ ಮೇಲೇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಅದೇ 2018ರಲ್ಲಿ ಯುರೋಪಿಗಾಗಿ ಕೊಟ್ಟ ಮಾರ್ಗಸೂಚಿ ವಿಮಾನದ ರಾತ್ರಿ ಶಬ್ದ 40 ಡೆಸಿಬಲ್‌ಗಿಂತ ಕೆಳಗಿರಲಿ ಎನ್ನುತ್ತದೆ. ನಮ್ಮ ದೇಶಕ್ಕೆ ಅದು ಇಂದೇ ಸಾಧ್ಯವಾಗದಿರಬಹುದು. ಆದರೆ 40 ಮತ್ತು 60ರ ನಡುವಿನ ಅಂತರ ನಿದ್ದೆ ಮತ್ತು ಎಚ್ಚರದ ನಡುವಿನ ಅಂತರ. ಅದನ್ನು ಜನರಿಗೆ ತಿಳಿಸದೆ ಪಡೆದ ಒಪ್ಪಿಗೆ ಪೂರ್ತಿ ಒಪ್ಪಿಗೆಯಲ್ಲ.

ಮೂರನೆಯ ದೋಷವೇ ಎಲ್ಲಕ್ಕಿಂತ ದೊಡ್ಡದು: ಹೊತ್ತು. ಅಹವಾಲು ಸಭೆ ನಡೆಯುವುದು ಕಾಮಗಾರಿಗೆ ಮೊದಲು, ಒಂದೇ ಸಲ. ಧೂಳು, ನೀರು, ಗಿಡಮರ, ಜಮೀನು ಇವುಗಳ ಬಗ್ಗೆ ಮೊದಲೇ ಮಾತಾಡಬಹುದು, ಏಕೆಂದರೆ ಅವು ಕಣ್ಣೆದುರಿಗಿರುತ್ತವೆ. ವಿಮಾನದ ಶಬ್ದ ಹಾಗಲ್ಲ. ಅದು ಹಾರಾಟ ಶುರುವಾದ ಮೇಲೆ ಹುಟ್ಟುತ್ತದೆ, ಬೇಸಿಗೆ–ಚಳಿಗಾಲದ ವೇಳಾಪಟ್ಟಿ ಬದಲಾದಾಗಲೆಲ್ಲ ಬದಲಾಗುತ್ತದೆ. ಸಣ್ಣ ಎಟಿಆರ್ ಜಾಗಕ್ಕೆ ಏರ್‌ಬಸ್ ಬಂದರೆ ಬೇರೆಯಾಗುತ್ತದೆ, ಗಾಳಿಯ ದಿಕ್ಕಿಗೆ ತಕ್ಕಂತೆ ಒಂದು ಬಡಾವಣೆಯಿಂದ ಇನ್ನೊಂದಕ್ಕೆ ಸರಿಯುತ್ತದೆ. ಸಭೆಯ ದಿನ ಅಲ್ಲಿ ಇನ್ನೂ ಇಲ್ಲದ ಸದ್ದಿನ ಬಗ್ಗೆ ಜನರನ್ನು ಕೇಳಿ, ಸದ್ದು ಬಂದ ಮೇಲೆ ಕೇಳದೇ ಇರುವುದು ಈ ಪದ್ಧತಿಯ ಮೂಲ ಕೊರತೆ.

ನಿಲ್ದಾಣ ನಡೆಯಲು ಶುರುವಾದ ಮೇಲೆ ಯಾರನ್ನೂ ಕೇಳುವುದೇ ಇಲ್ಲ ಎಂದಲ್ಲ. ವಿಮಾನ ನಿಲ್ದಾಣ ಪ್ರಾಧಿಕಾರ ಪ್ರಯಾಣಿಕರ ತೃಪ್ತಿಯ ಸಮೀಕ್ಷೆ ಮಾಡಿಸುತ್ತದೆ. ಸಂಸದರ ಅಧ್ಯಕ್ಷತೆಯ ಸಲಹಾ ಸಮಿತಿ ಇದೆ. ಶೌಚಾಲಯದ ಸ್ವಚ್ಛತೆ, ಟ್ಯಾಕ್ಸಿ, ಹೊಸ ಊರುಗಳಿಗೆ ವಿಮಾನ ಇವೆಲ್ಲ ಇಂಥ ಕಡೆ ಚರ್ಚೆಗೆ ಬರುತ್ತವೆ, ಬರಬೇಕು ಕೂಡ. ಕೇಳುವುದು ವಿಮಾನ ಹತ್ತುವವರನ್ನು. ಅದರ ಕೆಳಗೆ ಬದುಕುವವರನ್ನಲ್ಲ. ಇನ್ನೊಂದು ಉದಾಹರಣೆ ನೋಡಿ. ನಿಲ್ದಾಣದ ಸುತ್ತ ಎತ್ತರದ ಕಟ್ಟಡ ಕಟ್ಟಲು ಪ್ರಾಧಿಕಾರದ ಎತ್ತರದ ಎನ್‌ಒಸಿ ಬೇಕು, ಅದಕ್ಕೆ ಬಣ್ಣ ಹಚ್ಚಿದ ವಲಯ ನಕ್ಷೆಯೇ ಇದೆ. ಬಿಲ್ಡರುಗಳಿಗೆ ಅದು ಗೊತ್ತು. ವಿಮಾನದ ಸುರಕ್ಷತೆಗಾಗಿ ಮನೆಯ ಎತ್ತರ ನೋಡುವ ವ್ಯವಸ್ಥೆ ಅಷ್ಟು ಗಟ್ಟಿಯಾಗಿದೆ, ಇರಲೇಬೇಕು. ಆದರೆ ಅದೇ ಜಾಗದಲ್ಲಿ ಸೈಟು ಕೊಳ್ಳುವವರಿಗೆ ಇಲ್ಲಿ ಸದ್ದು ಎಷ್ಟು ಬರುತ್ತದೆ ಎಂದು ತಿಳಿಸುವ ನಕ್ಷೆಯನ್ನು ಲೇಔಟಿನ ಕಾಗದಪತ್ರದ ಜೊತೆ ಯಾರೂ ಕೊಡುವುದಿಲ್ಲ.

ವಿಮರ್ಶೆ ನಾಗರಿಕರ ಕಡೆಗೂ ತಿರುಗಬೇಕು. ನಮ್ಮ ಅಹವಾಲು ಸಭೆಗಳಲ್ಲಿ ಹೆಚ್ಚು ಕೇಳಿಬರುವ ಮಾತು ಪರಿಹಾರ ಮತ್ತು ನೌಕರಿ. ಜಮೀನು ಕಳೆದುಕೊಳ್ಳುವ ರೈತ ಅದನ್ನು ಕೇಳದೆ ಇನ್ನೇನು ಕೇಳಬೇಕು? ಆದರೆ ಶಬ್ದದ ವಿಷಯ ಬಂದಾಗ ‘ತೊಂದರೆ ಆಗುತ್ತದೆ’ ಎಂದು ಹೇಳಿ ಕೂತುಬಿಡುತ್ತೇವೆ. ಆ ಮಾತಿಗೆ ‘ಸೂಕ್ತ ಕ್ರಮ ಕೈಗೊಳ್ಳಲಾಗುವುದು’ ಎಂಬ ಉತ್ತರ ಸುಲಭವಾಗಿ ಬರೆಯಬಹುದು. ಇದೇ ದೂರನ್ನು ಹೀಗೆ ಬರೆದರೆ: ‘ನಮ್ಮ ಬಡಾವಣೆಯಲ್ಲಿ ಒಂದು ಶಾಲೆ, ಒಂದು ಹೆರಿಗೆ ಆಸ್ಪತ್ರೆ ಇವೆ. ವರದಿಯಲ್ಲಿ ಅಳತೆ ಮಾಡಿದ ಜಾಗಗಳ ಪಟ್ಟಿಯಲ್ಲಿ ಇವೆರಡೂ ಇಲ್ಲ. ಇಲ್ಲಿ ಅಳೆಯಿರಿ. ಸರಾಸರಿಯ ಜೊತೆಗೆ ಒಂದೊಂದು ವಿಮಾನದ ಗರಿಷ್ಠ ಅಂಕಿಯನ್ನೂ ಕೊಡಿ. ರಾತ್ರಿ 10ರಿಂದ ಬೆಳಗಿನ 6ರೊಳಗೆ ಎಷ್ಟು ವಿಮಾನ ಎಂದು ಬರೆದು ಕೊಡಿ.’ ಇಷ್ಟಕ್ಕೆ ಉತ್ತರ ಕೊಡಲೇಬೇಕು. ಕೊಡದಿದ್ದರೆ ಕೊಟ್ಟಿಲ್ಲವೆಂಬುದೇ ದಾಖಲೆಯಾಗಿ, ಪರಿಸರ ಅನುಮತಿಯ ಅರ್ಜಿ ಪರಿಶೀಲಿಸುವ ತಜ್ಞರ ಸಮಿತಿಯ ಮುಂದೆ ಹೋಗುತ್ತದೆ.

ಇಂಥ ಬಿಗಿಯಾದ ಪ್ರತಿಕ್ರಿಯೆಗೆ ಕರ್ನಾಟಕದಲ್ಲೇ ಒಂದು ಮಾದರಿ ಇದೆ. ಮಂಗಳೂರಿನ ಬಜಪೆಯಲ್ಲಿ ಎರಡನೆಯ ರನ್‌ವೇ ಕಟ್ಟಲು ಹೊರಟಾಗ ಸ್ಥಳೀಯರು ವಿಮಾನ ನಿಲ್ದಾಣ ವಿಸ್ತರಣಾ ವಿರೋಧಿ ಸಮಿತಿ ಕಟ್ಟಿಕೊಂಡರು. ಎನ್ವಿರಾನ್ಮೆಂಟ್ ಸಪೋರ್ಟ್ ಗ್ರೂಪ್ ಎಂಬ ಸಂಸ್ಥೆ ಅವರ ಜೊತೆಗೂಡಿತು. 1997ರಿಂದ ಹೈಕೋರ್ಟಿನಲ್ಲಿ, ಆಮೇಲೆ ಸುಪ್ರೀಂ ಕೋರ್ಟಿನಲ್ಲಿ ಅವರು ಕೇಳಿದ್ದು ಗುಡ್ಡದ ತುದಿಯ ಆ ಜಾಗ ವಿನ್ಯಾಸದ ಮಾನದಂಡಗಳಿಗೆ ಹೊಂದುತ್ತದೆಯೇ, ವಿಮಾನ ರನ್‌ವೇ ದಾಟಿ ಹೋದರೆ ತಡೆಯಲು ಜಾಗ ಇದೆಯೇ ಎಂಬಂಥ ನಿರ್ದಿಷ್ಟ ಪ್ರಶ್ನೆಗಳನ್ನು. 2002ರಲ್ಲಿ ಹೈಕೋರ್ಟ್ ಅರ್ಜಿ ವಜಾ ಮಾಡಿತು. 2003ರಲ್ಲಿ ಸುಪ್ರೀಂ ಕೋರ್ಟ್ ಕೂಡ ಮಧ್ಯಪ್ರವೇಶಿಸದೆ, ಸರ್ಕಾರ ಕಾನೂನು ಮತ್ತು ಪರಿಸರ ನಿಯಮಗಳನ್ನು ಪಾಲಿಸಲಿ ಎಂದಿತು. 2006ರಲ್ಲಿ ರನ್‌ವೇ ಬಳಕೆಗೆ ಬಂತು. 2010ರ ಮೇ 22ರಂದು ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಅದೇ ರನ್‌ವೇಯ ತುದಿ ದಾಟಿ ಕಣಿವೆಗೆ ಬಿತ್ತು. 158 ಜನ ಸತ್ತರು. ತನಿಖೆ ನೇರ ಕಾರಣವೆಂದು ಹೇಳಿದ್ದು ತಪ್ಪಾಗಿ ಇಳಿಯುತ್ತಿದ್ದರೂ ಕ್ಯಾಪ್ಟನ್ ಅದನ್ನು ಕೈಬಿಡಲಿಲ್ಲ ಎಂಬುದನ್ನು. ಅದನ್ನು ಮರೆಮಾಚಬಾರದು. ಆದರೂ ತಪ್ಪು ನಡೆದಾಗ ಜೀವ ಉಳಿಸುವಷ್ಟು ಜಾಗ ಇದೆಯೇ ಎಂದು ಮೊದಲೇ ಕೇಳಿದವರು ಆ ಊರಿನ ಸಾಮಾನ್ಯ ಜನ. ನೆರೆಹೊರೆಯವರ ಆಕ್ಷೇಪಣೆಯನ್ನು ಅಭಿವೃದ್ಧಿಯ ವಿರೋಧವೆಂದು ಬದಿಗಿಡುವವರು ಬಜಪೆಯನ್ನು ನೆನೆಯಬೇಕು.

ಸಭೆಯೊಂದು ಸಾರ್ಥಕವಾಯಿತೇ ಎಂದು ತಿಳಿಯಲು ನನಗೆ ತೋರುವ ಪರೀಕ್ಷೆ ಒಂದೇ: ಅದರಿಂದ ಅಳೆಯಬಹುದಾದ ಒಂದು ಷರತ್ತಾದರೂ ಹೊರಬಂತೇ? ಲಂಡನ್ನಿನ ಹೀಥ್ರೂ ನಿಲ್ದಾಣದ ಐದನೆಯ ಟರ್ಮಿನಲ್ಲಿನ ಬಗ್ಗೆ 1995ರಿಂದ 1999ರವರೆಗೆ ಸಾರ್ವಜನಿಕ ವಿಚಾರಣೆ ನಡೆಯಿತು. ಕಲಾಪವೇ 524 ದಿನ. ಟರ್ಮಿನಲ್ಲಿಗೆ 2001ರಲ್ಲಿ ಒಪ್ಪಿಗೆ ಸಿಕ್ಕಿತು, ಆದರೆ ವರ್ಷಕ್ಕೆ 4,80,000 ಹಾರಾಟ ಮೀರಬಾರದೆಂಬ ಷರತ್ತಿನೊಂದಿಗೆ. ಸಿಡ್ನಿಯಲ್ಲಿ ರಾತ್ರಿ 11ರಿಂದ ಬೆಳಗಿನ 6ರವರೆಗೆ ಹಾರಾಟದ ಮೇಲೆ ನಿರ್ಬಂಧ ಹೇರಲು 1995ರಲ್ಲಿ ಕಾಯ್ದೆಯನ್ನೇ ತಂದರು. ಎರಡೂ ಕಡೆ ನಿಲ್ದಾಣ ಬೆಳೆಯಿತು, ಜನರ ಕೈಯಲ್ಲಿ ಒಂದು ಅಂಕಿಯೂ ಉಳಿಯಿತು. ಅಂಕಿ ಇದ್ದರೆ ಮೀರಿದಾಗ ಕೇಳಬಹುದು.

ಹುಬ್ಬಳ್ಳಿಗೆ 524 ದಿನದ ವಿಚಾರಣೆ ಬೇಕಿಲ್ಲ. ಇರುವ ಕಾನೂನಿನಲ್ಲೇ ದಾರಿ ಇದೆ. ಪರಿಸರ ಅನುಮತಿ ಪಡೆದ ಯೋಜನೆಯವರು ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಷರತ್ತು ಪಾಲನೆಯ ವರದಿ ಕೊಡಬೇಕೆಂದು 2006ರ ಅಧಿಸೂಚನೆಯೇ ಹೇಳುತ್ತದೆ. ಅದು ಸಾರ್ವಜನಿಕ ದಾಖಲೆ. ಅಂಥ ವರದಿಯ ಶಬ್ದದ ಭಾಗವನ್ನು ಕನ್ನಡದಲ್ಲಿ ಪಾಲಿಕೆಯ ವಾರ್ಡ್ ಕಚೇರಿಯಲ್ಲೂ ಸುತ್ತಲಿನ ಗ್ರಾಮ ಪಂಚಾಯಿತಿಗಳಲ್ಲೂ ಹಚ್ಚಬೇಕು. ಅದರ ಮೇಲೆ ಆರು ತಿಂಗಳಿಗೊಮ್ಮೆ ಒಂದು ಚಿಕ್ಕ ಸಭೆ ನಡೆಯಬೇಕು. ಸಲಹಾ ಸಮಿತಿಯಲ್ಲಿ ವಾಣಿಜ್ಯೋದ್ಯಮಿಗಳ ಜೊತೆಗೆ ಸುತ್ತಲಿನ ನಿವಾಸಿಗಳಿಗೂ ಕುರ್ಚಿ ಇರಬೇಕು. ಅವಳಿ ನಗರದ ನಗರಾಭಿವೃದ್ಧಿ ಪ್ರಾಧಿಕಾರ ಹೊಸ ಲೇಔಟಿಗೆ ಮಂಜೂರಾತಿ ಕೊಡುವಾಗ ಎತ್ತರದ ನಕ್ಷೆಯ ಜೊತೆ ಶಬ್ದದ ನಕ್ಷೆಯನ್ನೂ ಕೇಳಬೇಕು.

ಇದಕ್ಕೆ ಈಗಲೇ ಒಳ್ಳೆಯ ಹೊತ್ತು, ಏಕೆಂದರೆ ನಮ್ಮಲ್ಲಿ ಇನ್ನೂ ಹಾರಾಟ ಕಡಿಮೆ. ವಿಮಾನಗಳು ಹೆಚ್ಚಿ, ಬಡಾವಣೆಗಳು ರನ್‌ವೇಯ ತುದಿಯವರೆಗೆ ತುಂಬಿಕೊಂಡ ಮೇಲೆ ಷರತ್ತು ಹಾಕುವುದು ಯಾರಿಗೂ ಸಾಧ್ಯವಾಗುವುದಿಲ್ಲ. ದೆಹಲಿಯ ವಸಂತ್ ಕುಂಜ್ ನಿವಾಸಿಗಳು ವಿಮಾನದ ಸದ್ದಿನ ವಿರುದ್ಧ ಹಸಿರು ನ್ಯಾಯಮಂಡಳಿಯ ಮೆಟ್ಟಿಲನ್ನೇ ಹತ್ತಬೇಕಾಗಿ ಬಂತು. ಹೆಚ್ಚು ವಿಮಾನ ಬೇಕೆಂದು ಒಕ್ಕೊರಲಿನಿಂದ ಕೇಳಿ ಪಡೆದ ಊರು ಇದು. ಅದೇ ಒಕ್ಕೊರಲಿನಿಂದ, ಮುಂದಿನ ವಿಸ್ತರಣೆಯ ಪ್ರಕಟಣೆ ಪತ್ರಿಕೆಯಲ್ಲಿ ಬಂದ ದಿನವೇ, ಶಬ್ದದ ಅಧ್ಯಾಯ ಕನ್ನಡದಲ್ಲಿ ಕೊಡಿ, ರಾತ್ರಿಯ ಹಾರಾಟಕ್ಕೆ ಒಂದು ಸಂಖ್ಯೆ ಬರೆಯಿರಿ, ವಿಮಾನ ಬಂದ ಮೇಲೂ ನಮ್ಮನ್ನು ಕೇಳಿ ಎಂದು ಬರೆದು ಕೊಡಬೇಕು. ಆ ಕೆಲಸಕ್ಕೆ ಬೇಕಿರುವುದು ಒಂದು ಅರ್ಜಿ, ಮೂರು ಪ್ರಶ್ನೆ, ಮತ್ತು ನಡಾವಳಿಗೆ ಸಹಿ ಬೀಳುವವರೆಗೂ ಸಭೆಯಲ್ಲಿ ಕೂತಿರುವ ತಾಳ್ಮೆ.