ಜೀರ್ಣೋದ್ಧಾರ: ಒಂದು ಕಿಟಕಿಯ ಸಾಕ್ಷ್ಯ

‘ಜೀರ್ಣೋದ್ಧಾರ’ವೆಂಬ ಪದವನ್ನು ನಾವು ಬಹು ಉದಾರವಾಗಿ ಬಳಸುತ್ತೇವೆ. ಜೀರ್ಣವಾದುದನ್ನು ಮೇಲೆತ್ತುವುದೆಂಬುದು ಅದರ ಅರ್ಥ. ಆದರೆ ಹಳೆಯದನ್ನು ಕೆಡವಿ ಹೊಸದನ್ನು ನಿಲ್ಲಿಸುವುದಕ್ಕೂ ಅದೇ ಹೆಸರು ಸಲ್ಲುತ್ತಿದೆ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿಯೂ ಇಂಥದೇ ಗೊಂದಲವಿದ್ದಿತು. ಪ್ರಾಚೀನ ಚರ್ಚುಗಳನ್ನು ಮೂಲಸ್ವರೂಪಕ್ಕೆ ತರುವ ನೆಪದಲ್ಲಿ ನಡುವಣ ಶತಮಾನಗಳ ಕೆಲಸವನ್ನು ಕಿತ್ತೊಗೆಯುವುದನ್ನು ಕಂಡು ನೊಂದ ಕವಿ ವಿಲಿಯಂ ಮಾರಿಸ್, 1877ರಲ್ಲಿ ಮಿತ್ರರೊಡಗೂಡಿ ಪ್ರಾಚೀನ ಕಟ್ಟಡಗಳ ಸಂರಕ್ಷಣಾ ಸಂಘವನ್ನು ಸ್ಥಾಪಿಸಿದನು. ನಿತ್ಯದ ಆರೈಕೆಯಿಂದ ಶಿಥಿಲತೆಯನ್ನು ತಡೆಯಬೇಕು. ದುರಸ್ತಿಯು ದುರಸ್ತಿಯಾಗಿಯೇ ಕಾಣಬೇಕು, ಪ್ರಾಚೀನದ ಸೋಗು ಹಾಕಬಾರದು. ಇದು ಅವನು ಬರೆದ ಪ್ರಣಾಳಿಕೆಯ ಸಾರ.

ಈ ತತ್ತ್ವವನ್ನು ಒರೆಗೆ ಹಚ್ಚಲು ದೊಡ್ಡ ಗೋಪುರ ಬೇಡ. ಆ ನಾಡಿನ ಹಳೆಯ ಮನೆಯೊಂದರ ಪೈನ್ ಮರದ ಕಿಟಕಿ ಸಾಕು. ಅಂಥ ಚೌಕಟ್ಟು ಸಾಮಾನ್ಯವಾಗಿ ಒಮ್ಮೆಗೇ ಕೊಳೆಯುವುದಿಲ್ಲ. ನೀರು ನಿಲ್ಲುವ ಕೆಳಪಟ್ಟಿ, ಅದಕ್ಕೆ ಕೂಡಿದ ನಿಲುವುಗಳ ಬುಡ ಮೊದಲು ಲಡ್ಡಾಗುತ್ತವೆ. ಮರದ ತೇವಾಂಶ ನೂರಕ್ಕೆ 20ನ್ನು ಮೀರಿ ಉಳಿದರೆ ಶಿಲೀಂಧ್ರಕ್ಕೆ ಆಸ್ಪದ. ಬಲ್ಲ ಬಡಗಿಯು ದಬ್ಬಣದಿಂದ ಚುಚ್ಚಿ ನೋಡಿ, ಗಟ್ಟಿಮರ ಸಿಗುವವರೆಗೆ ಮಾತ್ರ ಕೊಯ್ದು ತೆಗೆಯುತ್ತಾನೆ. ಅದೇ ಜಾತಿಯ ಒಣಮರವನ್ನು, ಎಳೆಗೆ ಎಳೆ ಹೊಂದುವಂತೆ, ಓರೆಯಾಗಿ ಕೂಡಿಸುತ್ತಾನೆ. ಓರೆ ಕೂಡಿಕೆಯಲ್ಲಿ ಅಂಟಿಗೆ ಹೆಚ್ಚು ಮೈ ದೊರೆಯುತ್ತದೆ. ಇಳಿಜಾರು ಹೊರಮುಖವಾಗಿದ್ದರೆ ನೀರೂ ಹರಿದುಹೋಗುತ್ತದೆ.

ಇಲ್ಲಿ ಒಂದು ಆಕ್ಷೇಪವೇಳುತ್ತದೆ. ಬಣ್ಣ ಬಳಿದೊಡನೆ ಈ ಕೂಡಿಕೆ ಮರೆಯಾಗುವುದಲ್ಲ, ಹಾಗಾದರೆ ಬಡಗಿಯೂ ಸೋಗು ಹಾಕಿದಂತಾಗಲಿಲ್ಲವೆ? ಮಾರಿಸನ ಪ್ರಣಾಳಿಕೆಯ ಕೊರತೆ ಇಲ್ಲಿದೆಯೆಂದು ನಮ್ಮ ಅಭಿಪ್ರಾಯ. ಅದು ಕಣ್ಣಿಗೆ ತೋರುವ ಪ್ರಾಮಾಣಿಕತೆಗೆ ಒತ್ತುಕೊಟ್ಟಷ್ಟು ಬಣ್ಣದಡಿಯ ಪ್ರಾಮಾಣಿಕತೆಯನ್ನು ವಿವರಿಸಲಿಲ್ಲ. ಕೊಳೆತುದರ ಮೇಲೆಯೇ ಲಪ್ಪ ಮೆತ್ತಿ ಬಣ್ಣ ಬಳಿದವನ ಕಿಟಕಿಯೂ ಅಷ್ಟೇ ಅಂದವಾಗಿ ಕಾಣುತ್ತದೆ. ಆದರೆ ಲಪ್ಪದ ಹಿಂದೆ ತೇವ ಸಿಕ್ಕಿಕೊಂಡು ಕೊಳೆತ ಮುಂದುವರಿಯುತ್ತದೆ. ಇಬ್ಬರ ಅಂತರವನ್ನು ತೋರುವುದು ಕಣ್ಣಲ್ಲ, ಮುಂದಿನ ಮಳೆಗಾಲಗಳು.

ಆದರೂ ಪ್ರಣಾಳಿಕೆಯ ಮೊದಲ ಮಾತು ಅಬಾಧಿತವಾಗಿ ನಿಲ್ಲುತ್ತದೆ. ಸೋರುವ ದೋಣಿಯನ್ನು ಸರಿಪಡಿಸದೆ, ಬಿರುಕುಬಿಟ್ಟ ಬಣ್ಣವನ್ನು ಗಮನಿಸದೆ ಎಷ್ಟು ಹೊಸಮರ ಸೇರಿಸಿದರೂ ವ್ಯರ್ಥ. ಚೌಕಟ್ಟಿನ ಬಹುಭಾಗ ಕೊಳೆತಿದ್ದರೆ ಹೊಸದನ್ನೇ ಮಾಡಿಸುವುದು ವಿವೇಕ, ಹಠವು ಸಂರಕ್ಷಣೆಯಲ್ಲ. ಆದರೆ ಗೇಣುದ್ದದ ಕೊಳೆತಕ್ಕಾಗಿ ಚೇಗು ಬಲಿತ ಇಡೀ ಚೌಕಟ್ಟನ್ನು ಒಲೆಗೆ ಹಾಕುವುದಕ್ಕೆ ಉದ್ಧಾರವೆಂಬ ಹೆಸರು ಸಲ್ಲದು. ಕೆಡವಲು ಹೊರಡುವ ಮುನ್ನ ಒಮ್ಮೆ ದಬ್ಬಣದಿಂದ ಚುಚ್ಚಿ ನೋಡುವ ತಾಳ್ಮೆ ನಮಗಿರಲಿ.