ಅಬ್ದುಲ್ ಕರೀಂ ಖಾನರ ಒಂದು ಧ್ವನಿಮುದ್ರಿಕೆ

ಅಬ್ದುಲ್ ಕರೀಂ ಖಾನರ (1872–1937) ಗ್ರಾಮಫೋನ್ ತಟ್ಟೆಗಳಲ್ಲಿ ಝಿಂಝೋಟಿಯ ಠುಮ್ರಿಗೆ ದೊರೆತ ಕೀರ್ತಿ ಸುವಿದಿತವಾಗಿದೆ. ಗದುಗಿನ ಬಾಲಕ ಭೀಮಸೇನ ಜೋಶಿಯವರು ಗುರುವನ್ನರಸಿ 1933ರಲ್ಲಿ ಮನೆ ಬಿಡಲು ಅದೇ ಪ್ರೇರಣೆ. ಆದರೆ ಖರಹರಪ್ರಿಯ ರಾಗದ ‘ರಾಮ ನೀ ಸಮಾನ’ವೆಂಬ ತ್ಯಾಗರಾಜಕೃತಿಯನ್ನು ಅವರು ಹಾಡಿದ ತಟ್ಟೆಯನ್ನು ಕೇವಲ ಕುತೂಹಲದ ವಸ್ತುವೆಂದು ಬದಿಗಿರಿಸುವುದುಂಟು. ಇದನ್ನು ನಾವು ಒಪ್ಪಲಾರೆವು. ತೆಲುಗು ಅವರ ನಾಲಗೆಗೆ ಒಗ್ಗಿಲ್ಲವೆಂಬುದು ದಿಟ. ಗಮಕವೂ ಕರ್ಣಾಟಕ ಪದ್ಧತಿಯಲ್ಲಿ ಪಳಗಿದ ಕಿವಿಗೆ ಸಾಲದು. ಆದರೂ ಸ್ವರವನ್ನು ನೀಳವಾಗಿ ನಿಲ್ಲಿಸಿ ಅದರೊಳಗೇ ಭಾವವನ್ನು ಅರಸುವ ಕಿರಾಣಾ ಕ್ರಮದಿಂದ, ನಿತ್ಯ ಕೇಳುವ ಕೃತಿಯಲ್ಲಿ ನಾವು ಕಾಣದಿದ್ದ ಒಂದು ಆರ್ದ್ರತೆ ಹೊರಹೊಮ್ಮುತ್ತದೆ. ಮೈಸೂರು ಆಸ್ಥಾನದಲ್ಲಿ ಹಾಡುತ್ತ ದಕ್ಷಿಣದ ಸಂಗೀತದ ಪರಿಚಯ ಪಡೆದ ಅವರು ಖ್ಯಾಲಿನಲ್ಲಿ ಸರ್ಗಮ್‌ಗೆ ಹಿರಿದಾದ ಸ್ಥಾನವಿತ್ತವರು. ಆ ಒಡನಾಟಕ್ಕೆ ಈ ತಟ್ಟೆಯೇ ಕೇಳಸಿಗುವ ಸಾಕ್ಷ್ಯ. ಒಂದು ಮುಖಕ್ಕೆ ಸುಮಾರು ಮೂರು ನಿಮಿಷಗಳಷ್ಟೇ ಅವಕಾಶವಿದ್ದುದರಿಂದ ರಾಗವಿಸ್ತಾರವು ಮಾತ್ರ ಇಲ್ಲಿ ಮೊಟಕಾಗಿದೆ.