ಮಕ್ಕಳ ಬಿಳಿ ಭಾನುವಾರ

ಸಮೋವಾದ ಹಬ್ಬಗಳಲ್ಲಿ ನನಗೆ ತೀರ ಅಚ್ಚುಮೆಚ್ಚಿನದು ಅಕ್ಟೋಬರ್ ತಿಂಗಳ ಎರಡನೆಯ ಭಾನುವಾರದ ‘ಲೋಟು ತಮಾಇತಿ’. ಅಂದು ಚರ್ಚು ಮಕ್ಕಳದು. ಬಿಳಿಯುಟ್ಟ ಪುಟಾಣಿಗಳು ವಾರಗಟ್ಟಲೆ ಬಾಯಿಪಾಠ ಮಾಡಿದ ಬೈಬಲ್ ವಚನಗಳನ್ನು ಸಮೋವನ್ ಭಾಷೆಯಲ್ಲಿ ಎಲ್ಲರೆದುರು ಒಪ್ಪಿಸುತ್ತಾರೆ, ಹಾಡುತ್ತಾರೆ, ಕಥೆಗಳನ್ನು ಆಡಿ ತೋರಿಸುತ್ತಾರೆ. ಮನೆಯಲ್ಲಿ ಊಟದ ಮೊದಲ ಪಂಕ್ತಿಯೂ ಅವರದೇ. ಹಿರಿಯರಿಗೆ ಮೊದಲು ಬಡಿಸುವ ನಾಡಿನಲ್ಲಿ ಅಂದು ದೊಡ್ಡವರೇ ಮಕ್ಕಳಿಗೆ ಬಡಿಸುತ್ತಾರೆ. ಎಷ್ಟು ಚೆಂದ!

1830ರಲ್ಲಿ ಮಿಷನರಿ ಜಾನ್ ವಿಲಿಯಮ್ಸ್ ಸಮೋವಾದ ಸವಾಯಿ ದ್ವೀಪಕ್ಕೆ ತಂದ ಕ್ರೈಸ್ತ ಧರ್ಮ ಹೊರಗಿನದು, ನಿಜ. ಆದರೆ ಅದು ಬೇರೂರಿದ್ದು ದ್ವೀಪದ ನುಡಿಯಲ್ಲಿ. ನ್ಯೂಜಿಲೆಂಡಿನ ಆಕ್ಲೆಂಡ್‌ಗೆ ವಲಸೆ ಹೋದ ಕುಟುಂಬಗಳೂ ಈ ಹಬ್ಬವನ್ನು ಬಿಟ್ಟಿಲ್ಲ. ಇಂಗ್ಲಿಷಿನ ನಡುವೆ ಬೆಳೆಯುವ ಮಕ್ಕಳು ಅಲ್ಲಿಯೂ ಅಜ್ಜಿಯ ಭಾಷೆಯನ್ನು ಗಟ್ಟಿಯಾಗಿ, ಹೆಮ್ಮೆಯಿಂದ ನುಡಿಯುತ್ತಾರೆ.